ಬಾಡಿಗೆ ಮನೆಯ ನೆಲ

ಹೋದ ವಾರ ನಮ್ಮ ಶಾಲೆಯ ಶಿಕ್ಷಕರ ಕೋಣೆಯ ಮೇಜಿನ ಮೇಲೆ ಯಾರೋ ಒಂದು ಬಣ್ಣದ ಕಾಗದ ಬಿಟ್ಟುಹೋಗಿದ್ದರು. ಬಾಗಲಕೋಟೆಯ ನವನಗರದ ಆಚೆ ಕಟ್ಟುತ್ತಿರುವ ಹೊಸ ಮನೆಗಳ ಜಾಹೀರಾತು. ನುಣುಪು ಕಾಗದ, ಮಸಿಯ ವಾಸನೆ ಇನ್ನೂ ಆರಿರಲಿಲ್ಲ. ಅದರೊಳಗೊಂದು ಪಡಸಾಲೆಯ ಚಿತ್ರ. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಕಿಟಕಿಯ ಪರದೆ ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಇಡೀ ಚಿತ್ರದಲ್ಲಿ ಮನುಷ್ಯರೆಂಬವರು ಮಾತ್ರ ಯಾರೂ ಇರಲಿಲ್ಲ. ಕೊಂಡು ಬಾಡಿಗೆಗೆ ಬಿಟ್ಟರೆ ಜೀವನವಿಡೀ ನಿಶ್ಚಿಂತೆ ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು.

ಹೊಸದಾಗಿ ಮದುವೆಯಾದ ನಮ್ಮ ಗಣಿತದ ಮಾಸ್ತರು ಅದನ್ನು ನನ್ನ ಮುಂದೆ ಸರಿಸಿ, “ಸರ್, ನಿಮಗ ಅನುಭವ ಐತಲ್ರಿ. ಬಾಡಿಗಿ ಬರತೈತಿ ಅಂತ ಮನಿ ತಗೊಳ್ಳೂದು ಛಲೋ ಏನ್ರಿ?” ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಹೌದು ಅಥವಾ ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು ಎಂದು ನೀವು ಕೇಳಬಹುದು. ನನಗೆ ಹನ್ನೆರಡು ವರ್ಷ ಹಿಡಿದಿದೆ. ಗಣಿತದ ಮಾಸ್ತರಿಗೆ ಅಷ್ಟು ಪುರುಸೊತ್ತಿಲ್ಲ, ನಿಮಗಿದ್ದರೆ ಹೇಳುತ್ತೇನೆ.

ನಾನು ಹುನಗುಂದದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಸರ್ಕಾರದ ಅನುದಾನವಿಲ್ಲದ ಶಾಲೆ. ಹಾಗಾಗಿ ನಿವೃತ್ತಿಯ ದಿನ ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ. ಪಿಂಚಣಿ ಇಲ್ಲ. ಇದನ್ನು ನೆನೆದು ನಾನು ಮತ್ತು ನನ್ನ ಹೆಂಡತಿ ಶೈಲಾ ನಾಲ್ವತ್ತರ ಆಸುಪಾಸಿನಲ್ಲೇ ಹೆದರಲು ಶುರುಮಾಡಿದ್ದೆವು. ಆಗ ಧೈರ್ಯ ಹೇಳಿದವರು ನನ್ನ ದೊಡ್ಡಕ್ಕನ ಗಂಡ. ನಾವು ಅವರನ್ನು ಮಾಮಾ ಎನ್ನುತ್ತೇವೆ. ಹಳೆಯ ಬಾಗಲಕೋಟೆಯಲ್ಲಿದ್ದ ಅವರ ಹಿರಿಯರ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಬಂದ ಪರಿಹಾರವನ್ನು ಅವರು ಒಂದು ರೂಪಾಯಿಯೂ ಪೋಲಾಗದಂತೆ ನವನಗರದಲ್ಲಿ ನಾಲ್ಕು ಮನೆಯಾಗಿ ಮಾರ್ಪಡಿಸಿ, ಒಂದರಲ್ಲಿ ತಾವಿದ್ದು ಮೂರನ್ನು ಬಾಡಿಗೆಗೆ ಬಿಟ್ಟಿದ್ದರು. ಊರಿನ ಅರ್ಧ ಜನ ಸಂಜೆ ಹೊತ್ತು ಮುಳುಗಡೆಯ ನೀರಿನ ಕಡೆ ಮುಖಮಾಡಿ ತಮ್ಮ ಓಣಿಯನ್ನು ನೆನೆಯುತ್ತ ನಿಂತರೆ, ಮಾಮಾ ಆ ದಿಕ್ಕಿಗೆ ಹೋಗುತ್ತಲೇ ಇರಲಿಲ್ಲ. “ಮುಳುಗಿದ ಮನಿ ನೆನಸಿದ್ರ ಬಾಡಿಗಿ ಬರತೈತೇನು?” ಎನ್ನುತ್ತಿದ್ದರು. ನನಗೆ ಹೇಳಿದ್ದು ಇಷ್ಟೇ: “ಹೊಲಕ್ಕ ಮಳಿ ಬೇಕು, ಎಮ್ಮಿಗೆ ಮೇವು ಬೇಕು. ಬಾಡಿಗಿ ಮನಿಗೆ ಏನ ಬೇಕಲೇ ಮಾಸ್ತರ? ಒಂದು ಕೀಲಿ.”

ಆ ಕೀಲಿಯ ಆಸೆಗೆ ಶೈಲಾಳ ಬಳೆ ಮತ್ತು ನನ್ನ ಹತ್ತು ವರ್ಷದ ಸಾಲ ಎರಡೂ ಸೇರಿ ಇಳಕಲ್ಲಿನಲ್ಲಿ ಒಂದು ಹಳೆಯ ಮನೆ ಕೊಂಡೆವು. ಹಳೆಯದೆಂದೆನಾದರೂ ಒಳಗೆ ಹೊಕ್ಕರೆ ಹಾಗೆ ಕಾಣುತ್ತಿರಲಿಲ್ಲ. ಮಾರಿದವನು ಗೋಡೆಗೆ ಹೊಸ ಬಣ್ಣ ಬಳಿಸಿ, ಪಡಸಾಲೆಗೆಲ್ಲ ಬಿಳಿ ಟೈಲ್ಸ್ ಹಾಕಿಸಿದ್ದ. ನಾನು ಆ ಟೈಲ್ಸ್ ನೋಡಿಯೇ ಮರುಳಾದವನು. ಕೊಂಡ ಮೊದಲ ಭಾನುವಾರ ಚಪ್ಪಲಿ ಹೊರಗೆ ಬಿಟ್ಟು, ಖಾಲಿ ಪಡಸಾಲೆಯಲ್ಲಿ ಅತ್ತಿಂದಿತ್ತ ನಾಲ್ಕು ಸಲ ನಡೆದೆ. ಆಗಲೇ ಗೊತ್ತಾದದ್ದು, ಕಿಟಕಿಯ ಹತ್ತಿರ ಒಂದು ಕಡೆ ಟೈಲ್ಸ್ ಸ್ವಲ್ಪ ಕುಸಿದಿದೆ ಎಂದು. ಗೌಂಡಿಯನ್ನು ಕರೆಸಿ ಮೇಲಿಂದ ಸರಿಮಾಡಿಸಿದೆ. ಆರು ತಿಂಗಳಿಗೆ ಮತ್ತೆ ಕುಸಿಯಿತು. ಮತ್ತೆ ಮಾಡಿಸಿದೆ. ಗೌಂಡಿಯ ಕೈ ಸರಿಯಿಲ್ಲ ಎಂದುಕೊಂಡೆ.

ಬಾಡಿಗೆದಾರರಿಗೆಂದು ಹನ್ನೊಂದು ನಿಯಮ ಬರೆದು ಬಾಗಿಲ ಹಿಂದೆ ಅಂಟಿಸಿದ್ದೆ. ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಪಡಸಾಲೆಯಲ್ಲಿ ಕುಟ್ಟತಕ್ಕದ್ದಲ್ಲ. ನೆಲಕ್ಕೆ ಯಾವುದೇ ಧಕ್ಕೆ ಮಾಡತಕ್ಕದ್ದಲ್ಲ. ಶೈಲಾ ಅದನ್ನು ಓದಿ, “ಇದು ಬಾಡಿಗಿ ಮನಿಯೋ, ಪರೀಕ್ಷಾ ಕೋಣಿಯೋ?” ಎಂದಳು. ಮೊದಲು ಬಂದ ಇಬ್ಬರು ನೌಕರದಾರರು ವರ್ಷ ತುಂಬುವುದರೊಳಗೆ ವರ್ಗವಾಗಿ ಹೋದರು. ಮನೆ ಮೂರು ತಿಂಗಳು ಖಾಲಿ ಬಿತ್ತು. ಆಗ ಬಂದವಳು ಅಂಬಕ್ಕ.

ಐವತ್ತರ ಹತ್ತಿರದ ಹೆಂಗಸು. ಜೊತೆಗೆ ಗಂಡ ಹನಮಂತಪ್ಪ. ಉಬ್ಬಸದ ಮನುಷ್ಯ, ಎರಡು ಮಾತಾಡಿದರೆ ಮೂರನೆಯದಕ್ಕೆ ನಿಂತು ಉಸಿರು ತೆಗೆದುಕೊಳ್ಳಬೇಕು. ಮನೆ ನೋಡಲು ಬಂದವರು ಸಾಮಾನ್ಯವಾಗಿ ನಲ್ಲಿ ತಿರುಗಿಸುತ್ತಾರೆ, ಬಚ್ಚಲು ನೋಡುತ್ತಾರೆ. ಅಂಬಕ್ಕ ಅಡುಗೆಮನೆಗೂ ಹೋಗಲಿಲ್ಲ. ಪಡಸಾಲೆಯಲ್ಲಿ ನಿಂತು ಕಿಟಕಿ ನೋಡಿದಳು. ಆಮೇಲೆ ಆ ಕುಸಿದ ಜಾಗಕ್ಕೆ ಹೋಗಿ ಅಂಗಾಲಿನಿಂದ ಮೆಲ್ಲಗೆ ಒತ್ತಿದಳು. ಬಾಡಿಗೆ ಇಳಿಸಲು ನೆಪ ಹುಡುಕುತ್ತಿದ್ದಾಳೆಂದು ನಾನು ಮುಂದಾಗಿಯೇ, “ಅದನ್ನ ಸರಿ ಮಾಡಸ್ತೇನಿ” ಎಂದೆ.

“ಬ್ಯಾಡ್ರಿ, ಇರ್ಲಿ ಅದು,” ಎಂದಳು.

ಅವರು ಬಂದ ಮರುವಾರ ಹೋದಾಗ ಹಿತ್ತಿಲಲ್ಲಿ ತಾಡಪಾಲು ಮುಚ್ಚಿದ ಕಟ್ಟಿಗೆಯ ರಾಶಿ ಇತ್ತು. ಒಲೆಗೆಂದು ತಿಳಿದೆ. ಅದು ಬಿಚ್ಚಿಟ್ಟ ಮಗ್ಗ ಎಂದು ಗೊತ್ತಾದದ್ದು ಮೂರನೆಯ ತಿಂಗಳು, ಅಂಬಕ್ಕ ಬಸ್ಸು ಹಿಡಿದು ಹುನಗುಂದದ ನಮ್ಮ ಮನೆಗೇ ಬಂದಾಗ. ಶೈಲಾ ಚಹಾ ಕೊಟ್ಟಳು. ಅವಳು ಅದನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

“ಮಾಸ್ತರ್ರಿ, ಪಡಸಾಲ್ಯಾಗ ಮಗ್ಗ ಹೂಡ್ಲೇನ್ರಿ?”

ಇಳಕಲ್ ಸೀರೆಯ ಕೈಮಗ್ಗ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಆ ಮಗ್ಗಕ್ಕೆ ನೆಲದಲ್ಲಿ ಕುಣಿ, ಅಂದರೆ ಒಂದು ಗುಂಡಿ, ಬೇಕು. ನೇಯುವವರು ಕುಣಿಯ ಅಂಚಿನ ಮೇಲೆ ಕುಳಿತು, ಕಾಲು ಕೆಳಗಿಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ಒತ್ತುತ್ತ ನೇಯುತ್ತಾರೆ. ಕುಣಿ ಇಲ್ಲದಿದ್ದರೆ ಆ ಮಗ್ಗ ಬರೀ ಕಟ್ಟಿಗೆ.

“ಅಂದ್ರ ನೆಲಾ ಅಗಿಬೇಕಲ್ಲ?” ಎಂದೆ.

“ಅಗಿಯೂದಲ್ರಿ, ತಗಿಯೂದು. ಆ ಮನಿಯಾಗ ಕುಣಿ ಐತ್ರಿ. ಮ್ಯಾಲ ಟೈಲ್ಸ್ ಹಾಕಿ ಮುಚ್ಯಾರ. ನಾ ಮದಿವ್ಯಾಗಿ ಬಂದ ಹೊಸದಾಗಿ ಅದ ಕುಣ್ಯಾಗ ಕುಂತು ನೇಯೂದು ಕಲತೇನ್ರಿ. ಆಗ ಅದು ಬ್ಯಾರೆಯವರ ಮನಿ, ನಮ್ಮತ್ತಿ, ನಾ ಕೂಲಿಗೆ ಹೋಗ್ತಿದ್ವಿ. ಇಷ್ಟು ವರ್ಷ ನಾವು ಇದ್ದ ಬಾಡಿಗಿ ಮನಿ ಕೆಡವಿ ಅಂಗಡಿ ಕಟ್ಟಾಕ ಹತ್ಯಾರ. ಊರಾಗ ಎಲ್ಲಿ ಹೋದ್ರೂ ಟೈಲ್ಸ್. ಮಗ್ಗ ಅಂದ ಕೂಡ್ಲೆ ಬಾಗಲಾ ಹಾಕ್ತಾರ್ರಿ.”

ನಾನು ಎರಡು ದಿನ ಬಿಟ್ಟು ಹೇಳುತ್ತೇನೆಂದೆ. ಮಾಮಾಗೆ ಫೋನು ಮಾಡಿದರೆ ಅವರು ನಕ್ಕರು. “ಒಂದ ಸಲ ಮಗ್ಗ ಹೂಡಿದ್ರ ಅಕಿ ಏಳ್ತಾಳೇನಲೇ? ಬೇರು ಬಿಟ್ಟಂಗ ಅದು. ನಾಳೆ ಆ ಕುಣಿ ನೋಡಿ ಯಾವ ನೌಕರದಾರ ಬರ್ತಾನ? ಅಕಿ ಹೇಳೂ ಕಥಿ ನಂಬಬ್ಯಾಡ. ಬಾಡಿಗಿದಾರರಿಗೆ ಕಥಿ ಭಾಳ ಇರ್ತಾವು.”

ಶೈಲಾ ಮಾತ್ರ, “ಅಕಿ ಸುಳ್ಳು ಹೇಳೂ ಹಂಗ ಕಾಣಲಿಲ್ರಿ,” ಎಂದಳು.

“ಕುಣಿ ಇದ್ದಿದ್ರ ಮಾರಿದವ ಹೇಳ್ತಿದ್ದಿಲ್ಲೇನು?”

“ಮಾರಾವ ಏನ ಹೇಳ್ತಾನ, ಏನ ಹೇಳೂದಿಲ್ಲ, ಅಷ್ಟೂ ಗೊತ್ತಿಲ್ಲೇನ ನಿಮಗ?”

ನಾನು ಇಳಕಲ್ಲಿಗೆ ಹೋಗಿ ಬೇಡವೆಂದೆ. ಬೇಡವೆನ್ನುವಾಗ ಬಾಗಿಲ ಹಿಂದಿನ ನಿಯಮದ ಮೇಲೆ ಬೆರಳಿಟ್ಟು ತೋರಿಸಿದೆ. ಅಂಬಕ್ಕನಿಗೆ ಓದಲು ಬರುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಅವಳು ನನ್ನ ಬೆರಳನ್ನು ನೋಡಿ, “ಆತ್ರಿ,” ಎಂದಳು. ಎರಡನೆಯ ಸಲ ಕೇಳಲಿಲ್ಲ.

ಆಮೇಲೆ ಒಂದು ವರ್ಷ ನನ್ನ ಬಾಡಿಗೆ ವ್ಯವಹಾರದ ಸುವರ್ಣಕಾಲ. ತಿಂಗಳ ಮೊದಲ ಭಾನುವಾರ ಹೋಗುತ್ತಿದ್ದೆ. ದುಡ್ಡು ಸಿದ್ಧವಿರುತ್ತಿತ್ತು. ನೆಲ ಕನ್ನಡಿ. ಗೋಡೆಗೆ ಒಂದು ಮೊಳೆಯಿಲ್ಲ. ದೇವರ ಪಟವನ್ನೂ ನೆಲದ ಮೇಲೆ ಗೋಡೆಗೆ ಒರಗಿಸಿಟ್ಟಿದ್ದರು. ಅಂಬಕ್ಕ ಬೆಳಗಾದರೆ ಊರ ಆ ತುದಿಯ ಯಾರದೋ ಮಗ್ಗಕ್ಕೆ ಕೂಲಿಗೆ ಹೋಗುವಳು. ಮಧ್ಯಾಹ್ನ ನಡೆದು ಬಂದು ಗಂಡನಿಗೆ ರೊಟ್ಟಿ ಬಡಿದು ಕೊಟ್ಟು ಮತ್ತೆ ಅಷ್ಟೇ ದೂರ ನಡೆಯುವಳು. ಹನಮಂತಪ್ಪ ಹೊಸ್ತಿಲ ಹತ್ತಿರ ಕುಳಿತು ಅಕ್ಕಪಕ್ಕದವರಿಗೆ ನೂಲು ಸುತ್ತಿ ಕೊಡುತ್ತಿದ್ದ. ಇದನ್ನೆಲ್ಲ ನಾನು ಕಣ್ಣಾರೆ ನೋಡಿದೆ. ನೋಡಿ, ಶಾಲೆಗೆ ಬಂದು, ಬಾಡಿಗೆದಾರರು ಸಿಕ್ಕರೆ ಇಂಥವರು ಸಿಗಬೇಕು ಎಂದು ಹೇಳಿಕೊಂಡು ತಿರುಗಿದೆ.

ಒಂದು ದಿನ ಹನಮಂತಪ್ಪನ ಫೋನು ಬಂತು. “ಮನಿ ಬಿಡ್ತೇವ್ರಿ ಸರ್. ಗುಳೇದಗುಡ್ಡದಾಗ ನಮ್ಮ ತಂಗಿ ಅದಾಳ. ಅಲ್ಲಿ ಪಾವರ್‌ಲೂಮಿನ್ಯಾಗ ಅಕಿಗೆ ಏನರೆ ಕೆಲಸ ಸಿಗತೈತಂತ. ನಡದು ನಡದು ಅಕಿ ಕಾಲು ಬಾತಾವ್ರಿ.”

ನನಗೆ ಮೊದಲು ನೆನಪಾದದ್ದು ಅವಳ ಕಾಲಲ್ಲ, ಟೈಲ್ಸು. ಹೊಸಬರು ಬರುವ ಮುಂಚೆ ಅದನ್ನು ನೆಟ್ಟಗೆ ಮಾಡಿಸಿಬಿಡೋಣವೆಂದು ಮುಂದಿನ ಭಾನುವಾರ ಬೇರೊಬ್ಬ ಗೌಂಡಿಯನ್ನು ಕರೆದುಕೊಂಡು ಹೋದೆ. ಹಿತ್ತಿಲಲ್ಲಿ ತಾಡಪಾಲು ಮಡಿಸಿಟ್ಟಿತ್ತು. ಕೆಳಗಿನ ರಾಶಿ ಇರಲಿಲ್ಲ.

“ಮಗ್ಗ ಎಲ್ಲಿ?” ಎಂದೆ.

“ನಿನ್ನೆ ಕಟ್ಟಿಗಿ ಅಡ್ಡೆಗೆ ಹಾಕಿದ್ವಿರಿ,” ಎಂದ ಹನಮಂತಪ್ಪ. “ಅಲ್ಲಿಗೆ ಒಯ್ದು ಏನ ಮಾಡೂದೈತಿ?”

ಗೌಂಡಿ ಅಷ್ಟರಲ್ಲಿ ಕುಸಿದ ಟೈಲ್ಸ್ ಎಬ್ಬಿಸಿದ್ದ. ಹಿಂದಿನವನಂತೆ ಮೇಲೆ ಸಿಮೆಂಟು ಬಳಿಯದೆ, ಪಕ್ಕದ ಎರಡನ್ನೂ ತೆಗೆದು ಕೈಹಾಕಿ ಕೆದರಿದ. ಒಡೆದ ಇಟ್ಟಿಗೆ, ಹಂಚಿನ ಚೂರು, ಖಾಲಿ ಸಿಮೆಂಟ್ ಚೀಲ, ಮಗ್ಗದ ಒಂದು ಮುರಿದ ಲಾಳಿ ಹೊರಗೆ ಬಂದವು. “ಇದನ್ನ ಮಣ್ಣು ಹಾಕಿ ಮುಚ್ಚಿಲ್ರಿ, ಕಸಾ ಹಾಕಿ ಮುಚ್ಯಾರ,” ಎಂದ. “ನೀವು ನೂರು ಸಲ ರಿಪೇರಿ ಮಾಡಸ್ರಿ, ಇದು ಕುಸಿಯೂದ.” ಇನ್ನಷ್ಟು ಕೆದರಿದಾಗ ಒಂದು ಕೆಂಪು ಕಲ್ಲಿನ ಅಂಚು ಕಾಣಿಸಿತು. ಒರಟು ಕಲ್ಲಲ್ಲ. ಎಷ್ಟೋ ಜನ ಎಷ್ಟೋ ವರ್ಷ ಕುಳಿತು ಎದ್ದು ಸವೆದು ನಯವಾದ ಕಲ್ಲು.

ಅಂಬಕ್ಕ ಪಾತ್ರೆ ಕಟ್ಟುತ್ತಿದ್ದವಳು ಅಡುಗೆಮನೆಯಿಂದ ಬಂದಳು. ಕುಕ್ಕರಗಾಲಲ್ಲಿ ಕುಳಿತು ಅಂಚಿನ ಮೇಲೆ ಕೈಯಾಡಿಸಿದಳು. ನನಗಲ್ಲ, ಗೌಂಡಿಗೆ ಹೇಳುವಂತೆ ಹೇಳಿದಳು: “ಇಲ್ಲಿ ನಮ್ಮತ್ತಿ ಕುಂಡ್ರತಿದ್ಲು. ನಾ ಹೊಸಾಕಿ, ಕಾಲ ಎಲ್ಲಿ ಇಡಬೇಕು ತಿಳೀತಿರಲಿಲ್ಲ. ಈ ಮೂಲಿ ಕಲ್ಲಿಗೆ ಹಿಮ್ಮಡ ಬಡದು ಬಡದು ಗಾಯ ಆಗಿತ್ತು. ನೋಡು, ಈ ಕಲ್ಲು.” ಗೌಂಡಿ ಅವಳು ತೋರಿಸಿದಲ್ಲಿ ಕೆದರಿದ. ಮೂಲೆಯ ಕಲ್ಲು ಅಲ್ಲೇ ಇತ್ತು.

ನಾನು ಮೂವತ್ತು ವರ್ಷ ಹುಡುಗರ ಸುಳ್ಳು ಹಿಡಿದವನು. ಹೋಂವರ್ಕ್ ಮನೆಯಲ್ಲಿ ಮರೆತೆನೆಂದವನ ಮುಖ ನೋಡಿ ಖರೆ ಖೋಟಿ ಹೇಳಬಲ್ಲೆನೆಂಬ ಹೆಮ್ಮೆ ನನಗಿತ್ತು. ಈ ಹೆಂಗಸು ನನ್ನ ಮನೆಯ ಬಗ್ಗೆ ನನಗೇ ಗೊತ್ತಿಲ್ಲದ ನಿಜವನ್ನು ಹೇಳಿದ್ದಳು. ಅದು ನಿಜವೋ ಅಲ್ಲವೋ ನೋಡಲು ಮೂರು ಟೈಲ್ಸ್ ಎಬ್ಬಿಸಿದ್ದರೆ ಸಾಕಿತ್ತು. ನಾನು ಎಬ್ಬಿಸಿರಲಿಲ್ಲ. ಎಬ್ಬಿಸಿದರೆ ನಿಜವಾಗಿಬಿಟ್ಟೀತು ಎಂಬ ಅಳುಕು ಒಳಗೆಲ್ಲೋ ಇತ್ತೆಂದು ಈಗ ಅನಿಸುತ್ತದೆ.

“ಅಡ್ಡೆ ಎಲ್ಲೈತಿ?” ಎಂದು ಹನಮಂತಪ್ಪನನ್ನು ಕೇಳಿದೆ.

ಇಬ್ಬರೂ ಟಂಟಂ ಹತ್ತಿ ಹೋದೆವು. ಅಡ್ಡೆಯವನು ಕಟ್ಟಿಗೆಯನ್ನು ತಿರುಗಿ ಕೊಡಲು ಒಪ್ಪಿದ, ಆದರೆ ತಾನು ಕೊಂಡ ಬೆಲೆಗಲ್ಲ. ಪಾಠ ಹೇಳುವ ದನಿಯಲ್ಲಿ ನಾನು ಮಾಡಿದ ಚೌಕಾಸಿ ಕೇಳಿ ಅವನ ಆಳುಗಳು ನಕ್ಕರು. ಕೊನೆಗೆ ಅವನು ಹೇಳಿದಷ್ಟೇ ಕೊಟ್ಟೆ. ಎಲ್ಲ ಸಿಕ್ಕಿತು, ಒಂದು ಬಿಟ್ಟು. ನೇಯ್ದ ಸೀರೆಯನ್ನು ಸುತ್ತುವ ಉದ್ದನೆಯ ಮರವನ್ನು ಬೆಳಿಗ್ಗೆಯೇ ಮೂರು ತುಂಡು ಮಾಡಿದ್ದರು. ಹನಮಂತಪ್ಪ ಒಂದು ತುಂಡನ್ನು ಎತ್ತಿ, ಅದರ ಮೇಲಿನ ಧೂಳನ್ನು ಧೋತರದ ಚುಂಗಿನಿಂದ ಒರೆಸಿದ. “ನಮ್ಮಪ್ಪ ಮಾಡಿಸಿದ್ದು,” ಎಂದು ಅದನ್ನು ಅಲ್ಲೇ ಇಟ್ಟು ಬಂದ. ನಾನು ಹಿಂದಿನ ದಿನ ಬಂದಿದ್ದರೆ ಅದೂ ಉಳಿಯುತ್ತಿತ್ತು. ಬಡಿಗನಿಂದ ಹೊಸದು ಮಾಡಿಸಿಕೊಟ್ಟೆ. ಹಸಿ ಕಟ್ಟಿಗೆ, ಎರಡು ತಿಂಗಳಿಗೆ ಡೊಂಕಾಯಿತು, ಮತ್ತೊಂದು ಮಾಡಿಸಬೇಕಾಯಿತು.

ಅಂಬಕ್ಕ ಕೈಮುಗಿದಳು, ಕಣ್ಣೀರಿಟ್ಟಳು ಎಂದೆಲ್ಲ ನೀವು ಎಣಿಸಿದರೆ ಅವಳನ್ನು ನೀವು ಕಂಡಿಲ್ಲ. ಗಂಟು ಕಟ್ಟಿದ ಪಾತ್ರೆಗಳನ್ನು ಬಿಚ್ಚದೆ ನಿಂತು ಕೇಳಿದಳು: “ಮುಂದ ನೀವು ಮತ್ತ ಬ್ಯಾಡ ಅಂದ್ರ?”

“ಅನ್ನೂದಿಲ್ಲ.”

“ಮಾತಿನ ಮ್ಯಾಲ ಬ್ಯಾಡ್ರಿ. ಬರದ ಕೊಡ್ರಿ. ಆ ಬಾಗಲ ಹಿಂದ ಬರದೀರಲ್ಲ, ಅದರ ಕೆಳಗ.”

ನಾನು ಕಿಸೆಯ ಪೆನ್ನು ತೆಗೆದು ಹನ್ನೆರಡನೆಯ ನಿಯಮ ಬರೆದೆ. ಪಡಸಾಲೆಯಲ್ಲಿ ಮಗ್ಗ ಇರತಕ್ಕದ್ದು; ಮಾಲಕರು ಬೇಡವೆನ್ನತಕ್ಕದ್ದಲ್ಲ. ಅವಳು ಗಂಡನಿಂದ ಅದನ್ನು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಪಾತ್ರೆಯ ಗಂಟು ಬಿಚ್ಚಿದಳು.

ಸುದ್ದಿ ತಿಳಿದು ಮಾಮಾ, “ಮಾಸ್ತರ, ನೀ ಮನಿ ಕೊಂಡಿಲ್ಲಲೇ, ಕುಣಿಗೆ ಬಿದ್ದೀ,” ಎಂದರು. ಮರುವರ್ಷ ಯಾವುದೋ ಮದುವೆಗೆ ಇಳಕಲ್ಲಿಗೆ ಬಂದಾಗ ನೋಡಲು ಬಂದರು. ಅಂಬಕ್ಕ ಸೆರಗು ನೇಯುತ್ತಿದ್ದಳು. ಮಾಮಾ ಬಹಳ ಹೊತ್ತು ಅವಳ ಕಾಲು ಆಡುವುದನ್ನೇ ನೋಡಿದರು. ವಾಪಸ್ಸು ಬಸ್‌ಸ್ಟ್ಯಾಂಡಿಗೆ ನಡೆಯುವಾಗ, ಕೇಳದೆಯೇ ಹೇಳಿದರು: “ನಮ್ಮ ಮನಿ ಪಡಸಾಲ್ಯಾಗ ನೆಲದಾಗ ಹುಗಿದ ಒಂದು ಒರಳಿತ್ತು. ಅವ್ವ ದಿನಾ ಖಾರ ಅದರಾಗ ಕುಟ್ಟತಿದ್ಲು. ಪರಿಹಾರ ಬರಿಯಾಕ ಬಂದವರು ಬಾಗಲಾ ಬರದ್ರು, ಕಿಡಕಿ ಬರದ್ರು, ತೊಲಿ ಬರದ್ರು. ಒರಳು ಬರೀರಿ ಅಂದೆ. ಅದಕ್ಕ ಕಾಲಂ ಇಲ್ಲ ಅಂದ್ರು.” ಅಷ್ಟು ವರ್ಷದಲ್ಲಿ ಮುಳುಗಿದ ಮನೆಯ ಬಗ್ಗೆ ಅವರು ನನ್ನೆದುರು ಆಡಿದ ಮಾತು ಅದೊಂದೇ.

ಅಂಬಕ್ಕ ಆ ಮನೆಯಲ್ಲಿ ಒಂಬತ್ತು ವರ್ಷ ಇದ್ದಳು. ಲಾಭದ ದೃಷ್ಟಿಯಿಂದ ನೋಡಿದರೆ ಮಾಮಾ ಹೇಳಿದ್ದೇ ಸರಿ. ಓಣಿಯ ಉಳಿದ ಮನೆಗಳ ಬಾಡಿಗೆ ಏರಿದಷ್ಟು ನನ್ನದು ಏರಲಿಲ್ಲ. ಮಳೆಗಾಲದಲ್ಲಿ ಕುಣಿಗೆ ತಂಪು ಏರಿ ಗೋಡೆಯ ಬಣ್ಣ ಉದುರುತ್ತಿತ್ತು. ಲಾಳಿಯ ಸಪ್ಪಳಕ್ಕೆ ಪಕ್ಕದ ಮನೆಯವರು ಎರಡು ಸಲ ನನಗೆ ಫೋನು ಮಾಡಿದರು. ಶೈಲಾ ಒಮ್ಮೆ ಆ ಮಗ್ಗದ ಸೀರೆ ಕೊಂಡಳು. ಮನೆಯ ಮಾಲಕಿ ಎಂದು ಸ್ವಲ್ಪ ಕಡಿಮೆ ಮಾಡುತ್ತಾಳೇನೋ ಎಂದು ಕೇಳಿದ್ದಕ್ಕೆ, “ಬಾಡಿಗಿ ಬ್ಯಾರೆ, ಸೀರಿ ಬ್ಯಾರೆ ಅಕ್ಕಾರ” ಎಂಬ ಉತ್ತರ ಬಂತು. ಶೈಲಾಳಿಗೆ ಅದರಿಂದ ಸಂತೋಷವೇ ಆಯಿತು. ಹನಮಂತಪ್ಪ ಮೂರು ವರ್ಷದ ಹಿಂದೆ ತೀರಿಕೊಂಡ. ಹನ್ನೊಂದು ದಿನ ಮಗ್ಗ ನಿಂತಿತ್ತು, ಹನ್ನೆರಡನೆಯ ದಿನ ಮತ್ತೆ ಶುರುವಾಯಿತು ಎಂದು ಅದೇ ಪಕ್ಕದ ಮನೆಯವರು ಫೋನು ಮಾಡಿ ಹೇಳಿದರು. ಈ ಸಲ ದೂರಿನ ದನಿ ಇರಲಿಲ್ಲ.

ಎರಡು ತಿಂಗಳ ಹಿಂದೆ ಅಂಬಕ್ಕ ಮನೆ ಬಿಟ್ಟಳು. ಬಲಗೈ ಭುಜದ ಮೇಲೆ ಏಳುತ್ತಿಲ್ಲ. ಬಾದಾಮಿಯಲ್ಲಿರುವ ಮಗಳ ಮನೆಗೆ ಹೊರಟಳು. ಮಗ್ಗವನ್ನು ಈ ಸಲ ಅಡ್ಡೆಗಲ್ಲ, ನೇಯುವ ಇನ್ನೊಬ್ಬರಿಗೆ ಕೊಟ್ಟಿದ್ದಳು. ಹೋಗುವ ಮುಂಚೆ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ಗೋಣಿಚೀಲ ಸರಿಸಿದಳು. ಕುಣಿಯ ಮೇಲಿಂದ ತೆಗೆದ ಬಿಳಿ ಟೈಲ್ಸು, ನಡುನಡುವೆ ಹಳೆಯ ಅರಿವೆ ಇಟ್ಟು ಜೋಡಿಸಿದ್ದವು.

“ಒಂದೂ ಒಡದಿಲ್ರಿ ಮಾಸ್ತರ. ಎಣಿಸಿ ತಗೋರಿ. ಮುಚ್ಚಬೇಕಂದ್ರ ಮುಚ್ಚಸ್ರಿ, ಆದ್ರ ಈ ಸಲ ಮಣ್ಣು ಹಾಕಸ್ರಿ.”

ಅವಳು ಹೋದ ವಾರಕ್ಕೇ ಒಬ್ಬ ಬ್ಯಾಂಕ್ ಅಧಿಕಾರಿ ಮನೆ ನೋಡಲು ಬಂದರು. ಎಲ್ಲ ಹಿಡಿಸಿತು. ನೆಲ ಸಪಾಟಾಗಿ ಮಾಡಿಕೊಟ್ಟರೆ ಅಂಬಕ್ಕ ಕೊಡುತ್ತಿದ್ದುದರ ದುಪ್ಪಟ್ಟು ಕೊಡುತ್ತೇನೆಂದರು. ನನಗೆ ಬರುವ ವರ್ಷ ನಿವೃತ್ತಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಯೋಚಿಸಲು ಎರಡು ದಿನ ಕೇಳಿದೆ. ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಪ್ಯಾಂಟು ಮೊಣಕಾಲಿನ ತನಕ ಮಡಚಿ, ಇಷ್ಟು ವರ್ಷದಲ್ಲಿ ಮೊದಲ ಸಲ ಆ ಅಂಚಿನ ಮೇಲೆ ಕುಳಿತೆ. ಕಾಲು ಕೆಳಗೆ ಬಿಟ್ಟಾಗ ಹಿಮ್ಮಡ ಮೂಲೆಯ ಕಲ್ಲಿಗೆ ಬಡಿಯಿತು. ಒಳ್ಳೇ ನೋವಾಯಿತು. ನನ್ನ ಹೆಸರಿನಲ್ಲಿ ಖರೀದಿ ಪತ್ರವಿದೆ, ತೆರಿಗೆ ಪಾವತಿ ಇದೆ. ಆದರೆ ಈ ಮನೆಯಲ್ಲಿ ಕಾಲು ಎಲ್ಲಿಡಬೇಕೆಂದು ನನಗೆ ಗೊತ್ತಿರಲಿಲ್ಲ.

ಬ್ಯಾಂಕಿನವರಿಗೆ ಆಗುವುದಿಲ್ಲವೆಂದು ತಿಳಿಸಿದೆ. ಶೈಲಾ ತಿಂಗಳ ಸಾಮಾನಿನ ಚೀಟಿಯಲ್ಲಿ ಎರಡು ಸಾಮಾನು ಹೊಡೆದುಹಾಕಿದಳು, ಅಷ್ಟೆ. ಮನೆ ಎರಡು ತಿಂಗಳಿಂದ ಖಾಲಿ ಇದೆ.

ನಿನ್ನೆ ಎಂಟನೆಯ ತರಗತಿಯಲ್ಲಿ ಪಾಠ ಮುಗಿಸಿ ಹೊರಗೆ ಬರುವಾಗ ಫೋನು ಬಂತು. ಹೆಣ್ಣುಮಗಳ ದನಿ, ಹಿಂದೆ ಮಗ್ಗಗಳ ಸಪ್ಪಳ. ಕೂಗಿಯೇ ಮಾತಾಡಬೇಕಿತ್ತು.

“ಸರ್, ಇಳಕಲ್ಲದಾಗ ಕುಣಿ ಇರೂ ಮನಿ ನಿಮ್ದ ಏನ್ರಿ?”

“ಹೌದ್ರಿ, ನಮ್ದ.”

“ಬಾಡಿಗಿಗೆ ಐತಂತ ಕೇಳೇವ್ರಿ. ನಾವು ಇಬ್ಬರು ಅಕ್ಕ ತಂಗಿ ಅದೇವ್ರಿ, ಇಬ್ಬರೂ ನೇಯತೇವಿ. ಒಂದ ಕುಣಿ ಸಾಲೂದಿಲ್ರಿ. ಬಾಜೂಕ ಇನ್ನೊಂದು ತೋಡಾಕ ಜಾಗಾ ಐತೇನ್ರಿ?”

ನಾನು ಕಾರಿಡಾರಿನ ಕಂಬಕ್ಕೆ ಒರಗಿ ಆ ಪಡಸಾಲೆಯನ್ನು ಮನಸ್ಸಿನಲ್ಲೇ ಅಳೆದೆ. ಕಿಟಕಿಯಿಂದ ಅಡುಗೆಮನೆಯ ಬಾಗಿಲ ತನಕ ಇನ್ನೂ ಬಿಳಿ ಟೈಲ್ಸು ಇವೆ.

“ಬರೂ ಭಾನುವಾರ ಬರ್ರಿ,” ಎಂದೆ. “ಬರೂ ಮುಂದ ಒಂದು ಟೇಪು ತಗೊಂಡ ಬರ್ರಿ. ಅಳದ ನೋಡೋಣು.”